ದನದ ಡಾಕ್ಟರು ಮಗುವಿಗೆ ಹಾಲೂಡಿಸಿದ್ದು

ಮಾರ್ಚ್ 4, ಬೆಳಿಗ್ಗೆ 7.10

ಬಿಸಿನೀರು, ಸೋಪು, ಸ್ಪಿರಿಟ್ ಹತ್ತಿ, ಕುದಿಸಿ ಒಣಗಿಸಿದ ಟವೆಲು. ಎಡಕ್ಕೊಂದು, ಬಲಕ್ಕೊಂದು. ತೊಳೆದು, ಒರೆಸಿ, ಒಣಗಿಸಿ, ಆಮೇಲೆ ಮಗು. ಕುಡಿದಾದ ಮೇಲೆ ಮತ್ತೆ ಅಷ್ಟೂ. ದಿನಕ್ಕೆ ಹತ್ತು ಸಲ ಹಾಲು, ಅಂದರೆ ಇಪ್ಪತ್ತು ಸಲ ತೊಳೆತ. ಇವನು, ನನ್ನ ಗಂಡ, ಬಾಗಿಲಲ್ಲಿ ನಿಂತು, "ಏನ್ ಡಾಕ್ಟ್ರೇ, ಆಪರೇಷನ್ ಶುರುವಾಯ್ತಾ?" ಅಂದ. ನಗಲಿ. ಹನ್ನೊಂದು ವರ್ಷ ಹಾಲಿನ ಫಾರ್ಮುಗಳಲ್ಲಿ ಇದೇ ಪಾಠ ಮಾಡಿಕೊಂಡು ಬಂದಿದ್ದೇನೆ. ಕೆಚ್ಚಲು ಕೊಳಕಾದರೆ ಹಾಲು ಕೆಟ್ಟಿತು. ಊರ ಹಸುಗಳಿಗೆಲ್ಲ ಮಾಡಿಸಿದ್ದನ್ನು ಸ್ವಂತ ಮಗುವಿಗೆ ಮಾಡಬಾರದೇ?

ಮೆಣಸಿಗೆ ಇಂದು ಐದು ದಿನ. ಹುಟ್ಟಿದಾಗ ಕೆಂಪಗೆ, ಇಷ್ಟೇ ಇಷ್ಟು ಇದ್ದಳು. ಬಾಯಿ ತೆರೆದರೆ ಮಾತ್ರ ಇಡೀ ವಾರ್ಡು ಎದ್ದು ಕೂರಬೇಕು. ಚೋಟುದ್ದ ಮೆಣಸಿನಕಾಯಿಗೆ ಮಾರುದ್ದ ಖಾರ ಅಂತ ಇವನೇ ಇಟ್ಟ ಅಡ್ಡಹೆಸರು. ಅದೇ ನಿಂತುಬಿಡುತ್ತದೋ ಏನೋ.

ಕೇಸ್ ಬರೆಯುವ ಚಟ ಹೋಗುವುದಿಲ್ಲ. ಬರೆದೇ ಬಿಡುತ್ತೇನೆ — ಎಡ ತೊಟ್ಟು: ಕೆಂಪು, ಮುಟ್ಟಿದರೆ ಉರಿ. ಬಲ: ಪರವಾಗಿಲ್ಲ. ರೋಗಿ: ಹಟಮಾರಿ.

ಮಾರ್ಚ್ 5, ಮಧ್ಯಾಹ್ನ

ಮಕ್ಕಳ ಕ್ಲಿನಿಕ್‌ಗೆ ಹೋಗಿ ಬಂದೆವು. ಹುಟ್ಟಿದಾಗ ಎರಡು ಕಿಲೋ ಒಂಬೈನೂರು. ಇಂದು ಎರಡು ಕಿಲೋ ಆರುನೂರ ನಲವತ್ತು. ಮೊದಲ ವಾರ ಇಳಿಯುವುದು ಸಹಜ. ಆದರೆ ಇದು ಸ್ವಲ್ಪ ಜಾಸ್ತಿಯೇ ಎಂದರು ತೂಕ ನೋಡುವ ಸಿಸ್ಟರು. ದಪ್ಪ ಕನ್ನಡಕ, ಮೆತ್ತನೆ ದನಿ. ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದ್ದು ಮಗುವಿಗೇ ಗೊತ್ತಾಗಲಿಲ್ಲ.

"ಕುಡಿಸುವಾಗ ನೋವಿದ್ಯಾ? ಒಂದ್ಸಲ ನನ್ನೆದುರು ಕುಡಿಸಿ, ನೋಡೋಣ."

"ಏನಿಲ್ಲ ಸಿಸ್ಟರ್, ಎಲ್ಲ ಸರಿಯಾಗಿದೆ."

"ಸರಿ ಬಿಡಿ, ನೀವೂ ಡಾಕ್ಟ್ರೇ ಅಲ್ವಾ."

ಸುಳ್ಳು ಹೇಳಿದೆ. ಎಡಗಡೆ ಹಾಲು ಹೀರಲು ಇಟ್ಟ ಪ್ಯಾಡು ತೊಟ್ಟಿಗೆ ಅಂಟಿಕೊಂಡು, ಆಟೋದಲ್ಲಿ ಅಲುಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಯಾಕೆ ಹೇಳಲಿಲ್ಲ? ಕೆಚ್ಚಲಿನ ಹುಣ್ಣು ಅಂದರೆ ಸುತ್ತಮುತ್ತಲ ಫಾರ್ಮಿನವರು ನನಗೇ ಫೋನ್ ಮಾಡುವುದು. ಅಂಥವಳು ಬಟನ್ ಬಿಚ್ಚಿ ಕೂತು, ನನ್ನದೇ ಒಡೆದಿದೆ ನೋಡಿ ಅನ್ನುವುದೇ?

ಒಂಬತ್ತನೇ ತಾರೀಕಿಗೆ ಮತ್ತೆ ತೂಕ.

ಮಾರ್ಚ್ 6, ಸಂಜೆ 5

ಎಡ: ಬಿರುಕು, ತುದಿಗೆ ಅಡ್ಡಲಾಗಿ. ಬಲ: ಬಿರುಕಿನ ಹಾದಿಯಲ್ಲಿದೆ. ತೊಳೆಯುವುದನ್ನು ಇನ್ನೂ ಹೆಚ್ಚು ಮಾಡಿದೆ. ಗಾಯಕ್ಕೆ ಸ್ಪಿರಿಟ್ ತಾಗಿದಾಗ ಕಣ್ಣಲ್ಲಿ ನೀರು ಬಂತು... ಹಸುಗಳು ಒದೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಗಡಿಯಾರ ಎದುರಿಗಿಟ್ಟುಕೊಂಡೇ ಕೂರುತ್ತೇನೆ. ಹತ್ತು ನಿಮಿಷ ಆಯಿತೋ, ಎಳೆದು ಬಿಡಿಸುವುದು. ಹತ್ತರ ಮೇಲೆ ಒಂದು ಸೆಕೆಂಡೂ ತಡೆಯಲಾಗುವುದಿಲ್ಲ. ಬಿಡಿಸುವಾಗ ಚಪ್ ಎಂದು ಸದ್ದು. ಮೆಣಸು ಕಿರುಚುತ್ತಾಳೆ. ನಾನು ಹಲ್ಲು ಕಚ್ಚಿಕೊಳ್ಳುತ್ತೇನೆ.

ಇವನಿಗೆ ಇಂದಿನಿಂದ ಡ್ಯೂಟಿ. ಯಾವುದೋ ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟು ನಿಂತಿದೆಯಂತೆ. ಹೊರಡುವಾಗ ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತ. "ತುಂಬಾ ನೋಯ್ತಿದ್ಯಾ? ಆ ಸಿಸ್ಟರ್‌ಗೆ ಹೇಳ್ಬಾರ್ದಾ?" ಅಂದ. "ಏನೂ ಬೇಡ, ಹೋಗೋ" ಅಂದೆ. "ಅತ್ತರೆ ತಾನೇ ಅಮ್ಮನೂ ಹಾಲು ಕೊಡೋದು" ಅಂತ ಗಾದೆ ಬೇರೆ ಹೇಳಿ ಹೋದ. ಲಿಫ್ಟ್ ಮೆಕ್ಯಾನಿಕ್ಕಿಗೆ ಗಾದೆ ಯಾರು ಕಲಿಸಿದರೋ.

ಮಾರ್ಚ್ 7, ಮಧ್ಯಾಹ್ನ 2.30

ಮೆಣಸಿನ ಬಾಯಿಯ ಅಂಚಲ್ಲಿ ತೆಳ್ಳಗೆ ಗುಲಾಬಿ ಬಣ್ಣ. ಅವಳದ್ದಲ್ಲ, ನನ್ನ ರಕ್ತ. ಒರೆಸಿದೆ. ಅತ್ತೆ ನೋಡಲಿಲ್ಲ.

ಒಂದು ಮಾತು ಬರೆಯಬೇಕು. ಬೇರೆ ಯಾರಿಗೂ ಹೇಳಲಾಗದ್ದು. ಇಂದು ಅವಳು ಎದ್ದು ಮುಲುಗಿದಾಗ ನನಗೆ ಹುಟ್ಟಿದ್ದು ಮಮತೆಯಲ್ಲ, ಭಯ. ದೇವರೇ, ಇನ್ನು ಅರ್ಧ ಗಂಟೆ ಏಳದಿರಲಿ ಎಂದು ಬೇಡಿಕೊಂಡೆ. ಎರಡೂವರೆ ಕಿಲೋದ ಜೀವಕ್ಕೆ ಹೆದರುತ್ತಿದ್ದೇನೆ. ಎತ್ತಿನ ಕೊಂಬಿಗೆ ಹೆದರದವಳು.

ಮಾರ್ಚ್ 9, ಮಧ್ಯಾಹ್ನ 1

ಎರಡು ಕಿಲೋ ಆರುನೂರ ಐವತ್ತು.

ನಾಲ್ಕು ದಿನಕ್ಕೆ ಹತ್ತು ಗ್ರಾಂ. ಮಕ್ಕಳ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹದಿಮೂರನೇ ತಾರೀಕು ಇನ್ನೊಂದ್ಸಲ ನೋಡೋಣ. ಆಗ್ಲೂ ಏರಿಲ್ಲ ಅಂದ್ರೆ ಬಾಟ್ಲಿ ಹಾಲು ಶುರು ಮಾಡೋಣ, ಗಾಬರಿ ಏನಿಲ್ಲ" ಅಂದರು. ತಲೆಯಾಡಿಸಿದೆ.

ಬಾಟಲಿಯ ಹಾಲು ವಿಷವಲ್ಲ. ಕುಡಿದು ಬೆಳೆದವರು ಲಕ್ಷಾಂತರ ಜನ. ಅದು ಗೊತ್ತಿದೆ. ಆದರೆ ನನಗೆ ಹಾಲಿದೆ. ಎದೆ ಕಲ್ಲಿನಂತೆ ತುಂಬಿದೆ. ಹಾಲು ಇಲ್ಲಿ, ಹಸಿದ ಮಗು ಅಲ್ಲಿ, ನಡುವೆ ಈ ಎರಡು ಬೆರಳಿನಷ್ಟು ಜಾಗ ದಾಟಲಾಗುತ್ತಿಲ್ಲ. ನನಗೆ ಇವಳಿಗೆ ಹಾಲೂಡಿಸಬೇಕು ಎಂಬ ಆಸೆ ಇದೆ. ಕರ್ತವ್ಯ ಅಂತಲ್ಲ, ಆಸೆ. ಇನ್ನು ನಾಲ್ಕು ದಿನ.

ಸಿಸ್ಟರು ಮತ್ತೆ ಕೇಳಿದರು. ಮತ್ತೆ ಅದೇ ಹೇಳಿದೆ. ಈ ಸಲ ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ಅತ್ತೆಯ ಕೈಗೆ ಕೊಟ್ಟರು. ನನ್ನ ಕೈಗಲ್ಲ!

ಮಾರ್ಚ್ 10, ಬೆಳಿಗ್ಗೆ 11

ಬೆಳಿಗ್ಗೆ ಎಂಟಕ್ಕೆ ಮೆಣಸು ಎದ್ದಳು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ. ನಲ್ಲಿ ತಿರುಗಿಸಿದೆ. ಅವಳ ಅಳು ಕೇಳದಿರಲಿ ಎಂದು. ಕೇಳುತ್ತಲೇ ಇತ್ತು.

ಅತ್ತೆ ಬಾಗಿಲು ತಟ್ಟಿದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮನೆಗೆ ಬೆಂಕಿ ಬಿದ್ದರೂ ದನಿ ಏರುವುದಿಲ್ಲ.

"ನಲ್ಲಿ ನಿಲ್ಸು. ನೀರು ಖಾಲಿಯಾದ್ರೂ ನೋವು ಖಾಲಿಯಾಗಲ್ಲ."

ಬಾಗಿಲು ತೆಗೆದೆ. ಮೆಣಸನ್ನು ಹೆಗಲ ಮೇಲೆ ಹಾಕಿಕೊಂಡೇ ನಿಂತಿದ್ದರು. ತೋರಿಸು ಅನ್ನಲಿಲ್ಲ. ನಾನೇ ತೋರಿಸಿದೆ. ಅತ್ತೆಯ ಮುಂದೆ ಹೀಗೆ ನಿಲ್ಲುತ್ತೇನೆ ಎಂದು ಕನಸಲ್ಲೂ ಎಣಿಸಿರಲಿಲ್ಲ.

ನೋಡಿದರು. ಬಚ್ಚಲ ಹೊಸ್ತಿಲಲ್ಲೇ ಕೂತುಬಿಟ್ಟರು.

"ನಿನ್ ಗಂಡ ಹುಟ್ಟಿದಾಗ ನಂಗೂ ಹೀಗೇ ಆಗಿತ್ತು. ಹನ್ನೆರಡು ದಿನ ಕುಡಿಸ್ದೆ. ಆಮೇಲೆ ಹಾಲು ಬತ್ತೋಯ್ತು ಅಂತ ಎಲ್ರಿಗೂ ಹೇಳ್ದೆ. ಬತ್ತಿರ್ಲಿಲ್ಲ ಕಣೇ. ಹೆದರಿದ್ದೆ. ಯಾರಿಗೂ ಹೇಳಿಲ್ಲ ಇದನ್ನ. ಅವನಿಗೂ."

ನನಗೆ ಅಳು ಬಂತು, ದನ ಕೂಗಿದ ಹಾಗೆ.

"ಅವನು ಬಾಟ್ಲಿ ಹಾಲು ಕುಡಿದು ಆರಡಿ ಬೆಳ್ದಿದಾನೆ, ಅದ್ರಲ್ಲೇನಿಲ್ಲ. ನೀನು ಬೇಡ ಅಂದ್ರೆ ಈಗ್ಲೇ ಅಂಗಡಿಗೆ ಹೋಗಿ ತರ್ತೀನಿ, ಒಂದು ಮಾತೂ ಆಡಲ್ಲ. ಆದ್ರೆ ಕುಡಿಸ್ಬೇಕು ಅಂತ ಆಸೆ ಇದ್ರೆ, ನನ್ನ ಥರ ಬಾಯಿ ಮುಚ್ಕೊಂಡು ಕೂರ್ಬೇಡ. ಯಾವ್ದು ಹೇಳು."

"ಆಸೆ ಇದೆ" ಅಂದೆ.

ಅತ್ತೆ ಎದ್ದು ಹೋದರು. ಆ ಚೀಟಿ ಹುಡುಕಿ, ಡಯಲ್ ಮಾಡಿ, ಎರಡು ಮಾತಾಡಿ, ಫೋನನ್ನು ನನ್ನ ಕಿವಿಗೆ ಹಿಡಿದರು. ಅದೇ ಹಳೆಯ ಡ್ಯೂಟಿ ದನಿ: "ಲೈನಲ್ಲಿದ್ದಾರೆ, ಮಾತಾಡಿ."

ಮಾತಾಡಿದೆ. ಎಲ್ಲ. ಸೋಪು, ಸ್ಪಿರಿಟ್, ಹತ್ತು ನಿಮಿಷ, ರಕ್ತ, ಬಚ್ಚಲು. ಸಿಸ್ಟರು ಮೂರು ಗಂಟೆಗೆ ಬರುತ್ತಾರಂತೆ. ಅಲ್ಲಿಯವರೆಗೆ ಸೋಪು ಮುಟ್ಟಬೇಡಿ ಅಂದರು. ಎಡಗಡೆಯ ಹಾಲನ್ನು ಕೈಯಿಂದ ತೆಗೆದು ಚಮಚದಲ್ಲಿ ಕುಡಿಸಿ ಅಂದರು. "ಕೈಯಿಂದ ತೆಗೆಯೋಕೆ ಬರುತ್ತಾ?" ಎಂದು ಕೇಳಿದರು. ಇಷ್ಟು ದಿನದಲ್ಲಿ ಮೊದಲ ಸಲ ನಗು ಬಂತು. ಹಾಲು ಕರೆಯುವುದು ನನಗೆ ಬರುತ್ತಾ ಅಂತ ಕೇಳುತ್ತಾರಲ್ಲ!

ಚಮಚದಲ್ಲಿ ಮೆಣಸು ಗಟಗಟ ಕುಡಿದಳು. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 10, ಸಂಜೆ 6

ಹೊಟ್ಟೆ ತುಂಬ ನಕ್ಕೆ. ಮೊದಲಿಂದ ಬರೆಯುತ್ತೇನೆ.

ಸಿಸ್ಟರು ಬಂದು, ಕೈ ತೊಳೆದು, ಕುರ್ಚಿ ಎಳೆದುಕೊಂಡು ಕೂತರು. "ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ನಾನು ಇಲ್ಲಿಲ್ಲ ಅಂದ್ಕೊಳ್ಳಿ." ನಾನು ಶುರುಮಾಡಿದೆ. ಬೇಸಿನ್, ಟವೆಲು, ಹತ್ತಿ. ಅವರ ಕನ್ನಡಕ ಮೂಗಿನ ತುದಿಗೆ ಬಂತು.

"ಇದೆಲ್ಲ ಏನು ಡಾಕ್ಟ್ರೇ?"

ಹೇಳಿದೆ. ಕೆಚ್ಚಲು, ಸ್ವಚ್ಛತೆ, ಸೋಂಕು. ಎರಡು ನಿಮಿಷದ ಉಪನ್ಯಾಸವೇ ಆಯಿತು.

"ಸರಿ. ಹಸು ಸಗಣಿ ಮೇಲೆ ಮಲಗುತ್ತೆ, ಅದಕ್ಕೆ ತೊಳೀತೀರ. ನೀವೆಲ್ಲಿ ಮಲಗ್ತೀರಿ?"

ಮಂಚ ನೋಡಿದೆ. ಒಗೆದ ಬಿಳಿ ಹಾಸು. ಬಾಗಿಲಾಚೆ ಅತ್ತೆ ಕೆಮ್ಮಿದಂತೆ ನಕ್ಕರು.

"ತೊಟ್ಟಿನ ಸುತ್ತ ಕಪ್ಪು ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆ ಥರ ಇದೆ ನೋಡಿ. ಅದರಿಂದಾನೇ ಜಿಡ್ಡು ಬರುತ್ತೆ, ಚರ್ಮ ಒಣಗದ ಹಾಗೆ ಕಾಯುತ್ತೆ. ನೀವು ದಿನಕ್ಕೆ ಇಪ್ಪತ್ ಸಲ ಸೋಪ್ ಹಾಕಿ ಅದನ್ನ ತೆಗೆದು, ಮೇಲೆ ಸ್ಪಿರಿಟ್ ಹಾಕಿ ಒಣಗಿಸ್ತಿದೀರ. ಒಡೀದೆ ಇನ್ನೇನಾಗುತ್ತೆ? ದಿನಕ್ಕೊಂದು ಸ್ನಾನ ಸಾಕು. ಅದೂ ಅಲ್ಲಿಗೆ ಬರೀ ನೀರು."

ಆಮೇಲೆ ಮಗುವನ್ನು ಎತ್ತಿಕೊಂಡೆ. ಬಗ್ಗಿದೆ. ಅವರು ನನ್ನ ಭುಜ ಹಿಡಿದು ಹಿಂದಕ್ಕೆ ಒರಗಿಸಿದರು. ಬೆನ್ನಿಗೊಂದು ದಿಂಬು, ಮೊಣಕೈ ಅಡಿಗೊಂದು. ಹಸುವಿನ ಅಡಿ ಬಗ್ಗಿ ಬಗ್ಗಿ ನನಗೆ ಅದೇ ಅಭ್ಯಾಸ — ಕೆಲಸ ಎಲ್ಲಿದೆಯೋ ಅಲ್ಲಿಗೆ ಬಾಗುವುದು. ಎದೆಯನ್ನು ಮಗುವಿನ ಬಾಯಿಗೆ ತುರುಕುತ್ತಿದ್ದೆ. ಅದು ತುದಿಯನ್ನಷ್ಟೇ ಹಿಡಿದು ಅಗಿಯುತ್ತಿತ್ತು.

"ನೀವು ಮಗು ಹತ್ರ ಹೋಗ್ಬೇಡಿ, ಮಗು ನಿಮ್ಮ ಹತ್ರ ಬರ್ಲಿ. ಹೊಟ್ಟೆಗೆ ಹೊಟ್ಟೆ ತಾಗ್ಲಿ. ಕತ್ತು ತಿರುಗಬಾರ್ದು, ತಲೆ ಮೈ ಎಲ್ಲ ಒಂದೇ ಗೆರೆ. ತೊಟ್ಟು ಅದರ ಮೂಗಿನ ಎದುರಿಗಿರ್ಲಿ. ಈಗ ಕಾಯಿರಿ."

ಮೆಣಸು ಬಾಯಿ ತೆರೆದಳು. ನಾನು ತರಾತುರಿಯಲ್ಲಿ—

"ಇನ್ನೂ ಇಲ್ಲ! ಆಕಳಿಸೋ ಹಾಗೆ ತೆಗೀಬೇಕು. ಕಾಯಿರಿ... ಹಾಂ, ಈಗ!"

ಬೆನ್ನಿಗೆ ಕೈಕೊಟ್ಟು ಒಮ್ಮೆಲೇ ಹತ್ತಿರ ತಂದೆ. ಗಲ್ಲ ಮೊದಲು ತಾಗಿತು. ಕಪ್ಪು ಭಾಗವೂ ಬಾಯೊಳಗೆ ಹೋಯಿತು, ಕೆಳಗಿನದು ಹೆಚ್ಚು. ಕೆಳತುಟಿ ಹೊರಕ್ಕೆ ಮಡಚಿಕೊಂಡಿತು. ಹಲ್ಲು ಕಚ್ಚಿ ಕಾದೆ. ಮೊದಲ ನಾಲ್ಕು ಸಲ ಹೀರಿದಾಗ ಉರಿ. ಆಮೇಲೆ... ಆಮೇಲೆ ಬರೀ ಎಳೆತ. ನೋವಲ್ಲ, ಎಳೆತ. ನುಂಗುವ ಸದ್ದು ಕೇಳಿಸಿತು. ಇಷ್ಟು ದಿನ ಆ ಸದ್ದೇ ಇರಲಿಲ್ಲ ಎಂದು ಈಗ ತಿಳಿಯಿತು.

ಹತ್ತು ನಿಮಿಷ. ಅಭ್ಯಾಸ ಬಲ, ಎಳೆಯಲು ಕೈ ಹಾಕಿದೆ. ಸಿಸ್ಟರು ಕೈ ಹಿಡಿದರು.

"ಹೀಗೆ ಎಳೀತಿದ್ರಾ? ಒಳಗೆ ಗಾಳಿ ಬಿಗಿ ಹಿಡ್ಕೊಂಡಿರುತ್ತಲ್ಲ! ಹೊಟ್ಟೆ ತುಂಬಿದ್ರೆ ಅದೇ ಬಿಡುತ್ತೆ. ಬಿಡಿಸ್ಲೇಬೇಕು ಅಂದ್ರೆ, ತೊಳೆದ ಕಿರುಬೆರಳು ಬಾಯಿ ಅಂಚಿಂದ ಒಳಗೆ ಹಾಕಿ, ಗಾಳಿ ಬಿಟ್ಟು, ಆಮೇಲೆ."

ಆಗಲೇ ನಾನು ನಗಲು ಶುರುಮಾಡಿದ್ದು. ಹನ್ನೊಂದು ವರ್ಷ! ಹಾಲು ಕರೆಯುವ ಮಷಿನ್ ಇರುವ ಒಂದೊಂದು ಫಾರ್ಮಿನಲ್ಲೂ ಗಂಟಲು ಹರಿಯುವಂತೆ ಕೂಗಿದ್ದೇನೆ — ವ್ಯಾಕ್ಯೂಮ್ ಆಫ್ ಮಾಡದೆ ಕಪ್ ಎಳೆಯಬೇಡ್ರಯ್ಯಾ, ಮೊಲೆ ಹರಿದುಹೋಗುತ್ತೆ! ಒಬ್ಬ ಕೆಲಸಗಾರನನ್ನು ಇದೇ ತಪ್ಪಿಗೆ ಕೊಟ್ಟಿಗೆಯಿಂದ ಆಚೆ ಕಳಿಸಿದ್ದೇನೆ. ಹಸುವಿಗೆ ಬೇಕಾದದ್ದನ್ನು ನನಗೆ ಮಾಡಿಕೊಂಡೆ, ಇಬ್ಬರಿಗೂ ಬೇಕಾದ ಒಂದೇ ಒಂದು ಪಾಠವನ್ನು ಮರೆತೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿತ್ತಂತೆ. ನಾನಂತೂ ಬಿದ್ದು, ಒಳಗಿಂದ ಚಿಲಕವನ್ನೂ ಹಾಕಿಕೊಂಡಿದ್ದೆ.

ಸಿಸ್ಟರಿಗೆ ಹೇಳಿದೆ. ಅವರೂ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಮೆಣಸು ಮಾತ್ರ ನನ್ನ ಹೊಟ್ಟೆ ಕುಣಿದರೂ ಹಿಡಿದದ್ದನ್ನು ಬಿಡಲಿಲ್ಲ. ಹದಿನೆಂಟನೇ ನಿಮಿಷಕ್ಕೆ ತಾನಾಗಿಯೇ ಬಿಟ್ಟು, ತಲೆ ಹಿಂದಕ್ಕೆ ಹಾಕಿ ಮಲಗಿದಳು, ಕುಡುಕನ ಹಾಗೆ.

ಹೊರಡುವಾಗ ಸಿಸ್ಟರು ಹೇಳಿದ್ದು: ಕೊನೆಯ ಎರಡು ಹನಿ ಹಾಲನ್ನು ತೊಟ್ಟಿಗೇ ಸವರಿ, ಗಾಳಿಗೆ ಆರಲು ಬಿಡಿ. ಪ್ಲಾಸ್ಟಿಕ್ ಇರುವ ಪ್ಯಾಡು ಬೇಡ, ಹತ್ತಿಬಟ್ಟೆ ಸಾಕು, ಒದ್ದೆಯಾದರೆ ಬದಲಿಸಿ. ನೋವು ಕಡಿಮೆ ಇರುವ ಕಡೆ ಮೊದಲು ಕುಡಿಸಿ. ಆ ಚೂರು ರಕ್ತದಿಂದ ಮಗುವಿಗೇನೂ ಆಗುವುದಿಲ್ಲ. ಜ್ವರ ಬಂದರೆ, ಎದೆ ಕೆಂಪಾಗಿ ಗಟ್ಟಿಯಾದರೆ ಮಾತ್ರ ತಕ್ಷಣ ಫೋನ್ ಮಾಡಿ.

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ನಾಚಿಕೆ ಸಿಸ್ಟರ್."

"ಡಾಕ್ಟ್ರುಗಳದ್ದೇ ಕಷ್ಟ. ಮೊನ್ನೆ ಒಬ್ಬರು ಹೆರಿಗೆ ಡಾಕ್ಟ್ರೇ ನಿಮ್ಮ ಹಾಗೇ ಸುಳ್ಳು ಹೇಳ್ಕೊಂಡು ಕೂತಿದ್ರು."

ಯಾರೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹೋದ ಜೀವ ಬಂದಂತಾಯಿತು.

ಮಾರ್ಚ್ 11, ಬೆಳಿಗ್ಗೆ 9

ಮೂರು ಸಲದಲ್ಲಿ ಎರಡು ಸಲ ಸರಿಯಾಗಿ ಹಿಡಿಯುತ್ತಾಳೆ. ಮೂರನೆಯದ್ದು ತುದಿ. ಆಗ ಕಿರುಬೆರಳು, ಗಾಳಿ, ಮತ್ತೆ ಮೊದಲಿಂದ. ಅತ್ತೆ ಪಕ್ಕದಲ್ಲಿ ನಿಂತು "ಕಾಯಿ... ಕಾಯಿ... ಈಗ!" ಎನ್ನುತ್ತಾರೆ. ಟ್ರಂಕ್ ಕಾಲ್ ಜೋಡಿಸುವಷ್ಟು ಗಂಭೀರ ಮುಖ.

ಕರುಗಳು ಹುಟ್ಟಿದ ಗಂಟೆಗೆ ಎದ್ದು ನಿಂತು ತಾವೇ ಹುಡುಕಿಕೊಳ್ಳುತ್ತವೆ. ಯಾವ ಹಸುವಿಗೂ ಯಾರೂ ಹೇಳಿಕೊಟ್ಟದ್ದನ್ನು ನಾನು ನೋಡಿಲ್ಲ. ಅದಕ್ಕೇ ಇದರಲ್ಲಿ ಕಲಿಯುವುದಕ್ಕೆ ಏನಾದರೂ ಇದೆ ಎಂದು ಹೊಳೆಯಲೇ ಇಲ್ಲ. ನಮ್ಮದಕ್ಕೆ ಎದ್ದು ನಿಲ್ಲಲು ಒಂದು ವರ್ಷ ಬೇಕು. ಅಲ್ಲಿಯವರೆಗೆ ಹತ್ತಿರ ತರುವ ಕೆಲಸ ನಮ್ಮದೇ.

ಬೇಸಿನ್ನು, ಸ್ಪಿರಿಟ್ಟು ಅಟ್ಟಕ್ಕೆ ಹೋದವು.

ಮಾರ್ಚ್ 12, ಸಂಜೆ

ಎಡ: ಬಿರುಕಿನ ಅಂಚು ಕೂಡುತ್ತಿದೆ. ಬಲ: ಮೆತ್ತಗಾಗಿದೆ. ಇವನು ಲಿಫ್ಟಿನ ಗ್ರೀಸು ಮೆತ್ತಿದ ಕೈಯಲ್ಲೇ ಮಗು ಮುಟ್ಟಲು ಬಂದ. "ಕೈ ತೊಳ್ಕೋ ಹೋಗೋ!" ಎಂದು ನಾನೂ ಅತ್ತೆಯೂ ಒಟ್ಟಿಗೆ ಕೂಗಿದೆವು. ತೊಳೆಯಬೇಕಾದ್ದನ್ನು ತೊಳೆಯಲೇಬೇಕು, ಅದರಲ್ಲಿ ರಾಜಿಯಿಲ್ಲ.

ನಾಳೆ ತೂಕ. ಸರಿಯಾಗಿ ಕುಡಿಯುತ್ತಿದ್ದಾಳೆ ಅನ್ನಿಸುತ್ತದೆ. ಒದ್ದೆ ಬಟ್ಟೆ ಎಣಿಸಿದೆ, ಇಂದು ಎಂಟು. ಆದರೂ ಮನಸ್ಸು ಕೇಳಬೇಕಲ್ಲ. ತಕ್ಕಡಿಯ ಮುಂದೆ ಎಲ್ಲ ಅನಿಸಿಕೆಗಳೂ ಒಂದೇ. ಏರಿರದಿದ್ದರೆ? ಏರಿರದಿದ್ದರೆ ಬಾಟಲಿ ಕೊಡುತ್ತೇನೆ, ಅಳುತ್ತೇನೆ, ಮತ್ತೆ ಪ್ರಯತ್ನಿಸುತ್ತೇನೆ. ಬಚ್ಚಲಿಗೆ ಮಾತ್ರ ಹೋಗುವುದಿಲ್ಲ.

ಮಾರ್ಚ್ 13, ಮಧ್ಯಾಹ್ನ 12.20

ಎರಡು ಕಿಲೋ ಏಳುನೂರ ಎಂಬತ್ತು!!

ನೂರ ಮೂವತ್ತು ಗ್ರಾಂ ಏರಿದೆ. ಸಿಸ್ಟರು ಎರಡು ಸಲ ತೂಗಿದರು. ಮೊದಲ ಸಲ ತಕ್ಕಡಿಯ ಮೇಲೆ ಮೆಣಸು ಕಾಲು ಝಾಡಿಸಿದಳು, ಎರಡನೇ ಸಲ ಉಚ್ಚೆ ಹೊಯ್ದಳು. ಹೊಯ್ದ ಮೇಲೂ ಎಂಬತ್ತೇ.

"ಬಾಟ್ಲಿ ಬೇಕಾಗಿಲ್ಲ. ಹೀಗೇ ನಡೀಲಿ" ಅಂದರು ಮಕ್ಕಳ ಡಾಕ್ಟರು, ತಲೆಯೆತ್ತದೆ ಬರೆಯುತ್ತ. ಅವರಿಗದು ದಿನದ ನಲವತ್ತನೇ ಕೇಸು. ನಾನು ಕುರ್ಚಿ ಹಿಡಿದುಕೊಂಡೆ.

ಹೊರಗೆ ಬಂದು ಅತ್ತೆಯನ್ನು ನೋಡಿದರೆ, ಅವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಧೂಳು" ಅಂದರು. ಇರಬಹುದು. ಕೈ ಹಿಡಿದುಕೊಂಡೆ. ನಲವತ್ತು ವರ್ಷದ ಹಿಂದೆ ಇವರಿಗೆ ಲೈನು ಸೇರಿಸಿಕೊಡುವವರು ಯಾರೂ ಇರಲಿಲ್ಲ. ಆಟೋದಲ್ಲಿ ಇಡೀ ದಾರಿ ಹಾಗೇ ಕೂತಿದ್ದೆವು.

ಮಾರ್ಚ್ 18

ಬರೆಯಲು ಏನಿಲ್ಲ. ಎಡ: ವಾಸಿ. ಬಲ: ವಾಸಿ. ಕೇಸು ಮುಚ್ಚಿದೆ.

ಇಂದು ಕುಡಿಸುತ್ತ ಕುಡಿಸುತ್ತ ಒಂದು ಕೈಯಲ್ಲಿ ಚಹಾ ಕುಡಿದೆ. ಗಡಿಯಾರ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮಾರ್ಚ್ 22, ಮಧ್ಯಾಹ್ನ 3.40

ಹನ್ನೆರಡೂವರೆಗೆ ಮಲಗಿದವಳು ಇನ್ನೂ ಎದ್ದಿಲ್ಲ. ಬೆಳಿಗ್ಗೆಯ ತೂಕ ಮೂರು ಕಿಲೋ ದಾಟಿದೆ, ಎಬ್ಬಿಸುವ ಅಗತ್ಯವಿಲ್ಲ, ಮಲಗಲಿ ಬಿಡಿ ಎಂದಿದ್ದಾರೆ ಸಿಸ್ಟರು. ಅತ್ತೆಯೂ ಅದನ್ನೇ ಹೇಳಿದರು. ಮನೆ ನಿಶ್ಶಬ್ದ. ಮಲಗಲು ನನಗೂ ಒಳ್ಳೆಯ ಸಮಯ. ಮಲಗಿದೆ. ಎದ್ದೆ. ತೊಟ್ಟಿಲ ಹತ್ತಿರ ಹೋದೆ. ಬಂದೆ. ಇದು ನಾಲ್ಕನೇ ಸಲ.

ನೋವಿಲ್ಲ. ಎದೆ ಭಾರವಾಗಿದೆ, ಅಷ್ಟೇ. ಅವಳನ್ನು ನೆನೆದರೆ ಸಾಕು, ಹಾಲು ತಾನಾಗಿ ಇಳಿದು ಬಟ್ಟೆ ಒದ್ದೆ. ಎರಡು ವಾರದ ಹಿಂದೆ ಈ ಮಗು ಏಳದಿರಲಿ ಎಂದು ಬೇಡಿಕೊಂಡವಳು ನಾನೇ. ಈಗ ಬಾಗಿಲ ಸದ್ದು ಸ್ವಲ್ಪ ಜೋರಾಗಿಯೇ ಮಾಡಿದೆ. ಸ್ಟೂಲು ಎಳೆದೆ. ಕೆಮ್ಮಿದೆ. ಅತ್ತೆ ಒಳಗಿಂದ, "ಏನೇ ಅದು, ಮಗು ಏಳುತ್ತೆ!" ಅಂದರು. ಏಳಲಿ ಅಂತಲೇ ಅತ್ತೆ, ಎನ್ನಲು ನಾಚಿಕೆಯಾಯಿತು.

ಇನ್ನು ಹತ್ತು ನಿಮಿಷ ನೋಡುತ್ತೇನೆ. ಆಮೇಲೆ ಸಿಸ್ಟರು ಏನಾದರೂ ಅನ್ನಲಿ...

ಅಗೋ. ಮುಖ ಕಿವುಚಿತು. ಕೈ ಬಾಯಿಗೆ ಹೋಯಿತು. ತುಟಿ ಚಪ್ಪರಿಸುತ್ತಿದ್ದಾಳೆ. ಅತ್ತೆಯ ಚಪ್ಪಲಿ ಸದ್ದು ಬರುತ್ತಿದೆ, ಅವರು ಎತ್ತಿಕೊಳ್ಳುವುದಕ್ಕೆ ಮೊದಲು ನಾನೇ